ವಂಶಾವಳಿಯಲ್ಲಿ ಹಸಿ ಶಾಯಿ

ಪಿತೃಗಳನ್ನು ಮರೆತವನಿಗೆ ಗತಿಯಿಲ್ಲ ಎನ್ನುತ್ತಾರೆ ಹಿರಿಯರು. ಇರಬಹುದು. ಆದರೆ ಅವರನ್ನು ಹುಡುಕಿಕೊಂಡು ಹೋದವನಿಗೆ ಮೊದಲು ಬೇಕಾಗುವುದು ಭಕ್ತಿಯಲ್ಲ, ಸೋಪು.

ಇದು ನಡೆದ ಸಂಗತಿ. ಕಟ್ಟುಕತೆಯಾಗಿದ್ದರೆ ಇನ್ನಷ್ಟು ಶುಚಿಯಾಗಿ ಕಟ್ಟುತ್ತಿದ್ದೆ.

ಎಪ್ಪತ್ತರ ದಶಕ. ನನಗೆ ಕಾಶಿಯ ಭೇಲೂಪುರದಲ್ಲಿ ನೌಕರಿ, ಜೊತೆಗೆ ದೊಡ್ಡಮ್ಮ. ದೊಡ್ಡಪ್ಪ ವ್ಯಂಕಪ್ಪ ಇಪ್ಪತ್ತೆರಡು ವರ್ಷದ ಹಿಂದೆ ಕಾಶಿಗೆಂದು ಊರು ಬಿಟ್ಟವರು ತಿರುಗಿ ಬಂದಿರಲಿಲ್ಲ. ಅಂದು ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ. ಅವರಿಗೆ ನಾನು ಪಿಂಡ ಇಡಬೇಕೋ, ಬೇಡವೋ?

“ಸತ್ತಿದ್ರ ಇಷ್ಟು ವರ್ಷ ಉಪವಾಸ ಕೆಡವಿದ ಪಾಪ. ಬದುಕಿದ್ರ ಜೀವಂತ ಇದ್ದವರಿಗೆ ಪಿಂಡ ಇಟ್ಟ ಪಾಪ. ನೋಡಿಕೊಂಡು ಬಾರಪಾ,” ಎಂದರು ದೊಡ್ಡಮ್ಮ, ಹಣೆಯ ಕುಂಕುಮ ಮುಟ್ಟಿಕೊಳ್ಳುತ್ತ.

ಯಾತ್ರಿಕರು ಕೈಯಾರೆ ಹೆಸರು ಬರೆದುಹೋಗುವ ವಂಶಾವಳಿ ಪುಸ್ತಕಗಳು ಕಾಶಿಯ ಪುರೋಹಿತರಾದ ಪಂಡಾಗಳ ಬಳಿ ಇರುತ್ತವೆ. ನಮ್ಮೂರಿನ ಪಂಡಾನ ಮನೆ ಹರಿಶ್ಚಂದ್ರ ಘಾಟಿನ ಮೇಲಿನ ಗಲ್ಲಿಯಲ್ಲಿ. ಹಗಲೆಲ್ಲ ಜನ, ರಾತ್ರಿ ಬಾ ಎಂದಿದ್ದ. ಕರೆಂಟಿಲ್ಲ. ಕೆಳಗೆ ಚಿತೆಯ ಕಟ್ಟಿಗೆ ಚಟ್... ಚಟ್...

ಪಂಡಾ ಲಾಟೀನು ಇಟ್ಟು ಪೆಟ್ಟಿಗೆಯ ಬೀಗ ತೆಗೆದ. ಇಲಿಹಿಕ್ಕೆ, ಬೂಷ್ಟು, ಯಾವುದೋ ಕಾಲದ ಎಣ್ಣೆಯ ನಾತ. ಪಾನಿನ ಎಂಜಲಿನಲ್ಲಿ ಹೆಬ್ಬೆರಳು ಅದ್ದಿ ಹಾಳೆ ತಿರುವಿದ. ಪ್ರತಿ ಮೂಲೆಯಲ್ಲೂ ಅದೇ ಕೆಂಪು ಅಂಟು. ನಾಲ್ಕು ತಲೆಮಾರಿನ ಪಂಡಾಗಳು ನನ್ನ ನಾಲ್ಕು ತಲೆಮಾರಿನವರನ್ನು ಎಂಜಲು ಮಾಡಿದ್ದರು. ಮುತ್ತಜ್ಜ ಮೂರು ಕಡೆ ಮೂರು ಥರ: ಭೀಮಪ್ಪ, ಭೀಮಣ್ಣ, ಭಿಮಾಪಾ. ಮೂವರಿಗೂ ಮಡಿಯಿರಲಿಲ್ಲ.

“ಮಿಲ್ ಗಯಾ! ಇಗೋ, ನಿಮ್ಮ ವ್ಯಂಕಪ್ಪ.”

ಇಪ್ಪತ್ತೆರಡು ವರ್ಷದ, ಮಾಸಿದ ಸಹಿ. ಅದರ ಕೆಳಗೆ, ಅದೇ ವಾಲಿದ ಅಕ್ಷರದಲ್ಲಿ, ಇನ್ನೊಂದು ಸಾಲು...

‘ನನ್ನ ಪಿಂಡ ನಾನೇ ಇಟ್ಟುಕೊಂಡೆ. ನಾಳೆ ನೀನು ಇಡಬೇಡ.’

ಬೆರಳಿಟ್ಟೆ. ಶಾಯಿ ಹಸಿಯಾಗಿತ್ತು. ಬೆಚ್ಚಗಿತ್ತು...

“ಯಾರು ಬಂದಿದ್ರು, ಮಹಾರಾಜ್?” ಪಿಸುಗುಟ್ಟಿದೆ.

“ನಿಮ್ಮೂರಿನ ಪೆಟ್ಟಿಗೆಗೆ ಹೋದ ವರ್ಷ ಬೀಗ ಹಾಕಿದ್ದು, ಭೈಯಾ... ಈಗ ನಿಮ್ಮೆದುರೇ ತೆಗೆದೆ.”

ಪುಸ್ತಕ ಮುಚ್ಚಿದ. ಈ ಸಲ ಹೆಬ್ಬೆರಳು ಬಾಯಿಗೆ ಹೋಗಲಿಲ್ಲ.

ದಾರಿಯ ನಲ್ಲಿಯಲ್ಲಿ ಕೈ ತೊಳೆದೆ. ಮನೆಯಲ್ಲಿ ಮತ್ತೆ ತೊಳೆದೆ. ಶಾಯಿ ಹೋಯಿತು; ಸುಟ್ಟ ಕೂದಲಿನ, ಕೊಳೆತ ಚೆಂಡುಹೂವಿನ ನಾತ ಹೋಗಲಿಲ್ಲ. ಕಂಡದ್ದು, ಕೇಳಿದ್ದೆಲ್ಲ ಹೇಳಿದೆ. ದೊಡ್ಡಮ್ಮ ನನ್ನ ಬೆರಳನ್ನು ಎಳೆದು ಮೂಗಿಗೆ ಹಿಡಿದರು.

“ನಶ್ಯ! ಅವರ ನಶ್ಯದ ವಾಸನಿ ಅದ...”

ಬಹಳ ಹೊತ್ತು ಬಿಡಲಿಲ್ಲ. ಕಣ್ಣು ಮುಚ್ಚಿ ಮೂಸುತ್ತಲೇ ಇದ್ದರು.

ಪಿಂಡ ಇಡಲಿಲ್ಲ. ದೊಡ್ಡಮ್ಮ ಕೊನೆಯವರೆಗೂ ಕುಂಕುಮ ಇಟ್ಟುಕೊಂಡೇ ಇದ್ದರು. ನಾನು ಇಂದಿಗೂ ಚಮಚದಲ್ಲೇ ಊಟ ಮಾಡುತ್ತೇನೆ.