ನಾಯಿಮರಿಯ ಕಣ್ಣಿಗೆ ಉಗಿದದ್ದು

ಹುಲ್ಲಹಳ್ಳಿ ಕಡೆಯ ನಮ್ಮೂರಿಗೆ ಇನ್ನೂ ಫೋನು ಬಂದಿರದ ಕಾಲ. ಕೊಟ್ಟಿಗೆಯ ಹುಲ್ಲಿನಲ್ಲಿ ನಮ್ಮ ನಾಯಿ ಮರಿ ಹಾಕಿತು. ಉಳಿದದ್ದು ಒಂದೇ, ಕರಿ ಗಂಡುಮರಿ. ಟಿ. ನರಸೀಪುರದ ನನ್ನ ತಂಗಿಯ ಮನೆಯಲ್ಲಿ ಕುರಿ ಕಾಯುತ್ತಿದ್ದ ನಾಯಿ ಸತ್ತಿತ್ತು. ಮರಿ ನಿನಗೇ ಎಂದು ಮಾತು ಕೊಟ್ಟಿದ್ದೆ.

ಹನ್ನೆರಡು ದಿನಕ್ಕೆ ಕಣ್ಣು ಬಿಟ್ಟಿತು. ನೋಡಿದರೆ ಕಣ್ಣಿನ ತುಂಬ ನೀಲಿ ಮಬ್ಬು. ಮುಂದೆ ಕೈ ಆಡಿಸಿದರೂ ಅದಕ್ಕೆ ಗೊತ್ತಾಗಲಿಲ್ಲ. ಎತ್ತಿನ ಕಣ್ಣಿಗೆ ಹೂ ಬಿದ್ದು ಬೆಳ್ಳಗಾದಾಗ ನಮ್ಮಲ್ಲಿ ತುಂಬೆ ಸೊಪ್ಪು, ಕಲ್ಲುಪ್ಪು ಅಗಿದು ಕಣ್ಣಿಗೆ ಉಗಿಯುತ್ತಾರೆ. ಎಷ್ಟೋ ಎತ್ತಿಗೆ ನಾನೇ ಉಗಿದಿದ್ದೇನೆ. ಇದಕ್ಕೂ ಅದೇ ಮಾಡಿದೆ. ಮರಿ ಕಿರುಚಿಕೊಂಡಿತು. ಮಾರನೆಯ ದಿನ ಎರಡೂ ರೆಪ್ಪೆ ಊದಿ ಮುಚ್ಚಿಹೋಗಿದ್ದವು.

“ಕಣ್ ಬುಟ್ಟು ಒಂದಿನ ಆಗಿಲ್ಲ, ಕಳ್ದೇಬುಟ್ಟಲ್ಲಮ್ಮಿ,” ಎಂದರು ಯಜಮಾನರು. “ಇನ್ನು ನಿನ್ ತಂಗಿ ಕುರಿ ಕಾಯಕ್ಕೆ ನೀನೇ ಓಗು.”

ನಾಯಿಗೆ ಅಳುವವಳಲ್ಲ ನಾನು. ತಾನಾಗಿ ಕುರುಡಾಗಿದ್ದರೆ ಬೇರೆ ಮಾತು. ಇದು ನಾನೇ ಕೈಯಾರೆ ಮಾಡಿದ್ದು. ಕುರುಡು ಮರಿಯನ್ನು ಯಾರು ಸಾಕುತ್ತಾರೆ?

ಎರಡು ದಿನ ಬಿಟ್ಟು ಹಸುವಿಗೆ ಇಂಜೆಕ್ಷನ್ ಕೊಡಲು ದನದ ಡಾಕ್ಟರು ಬಂದರು. ಮರಿ ತಂದು ಮುಂದಿಟ್ಟು ನಡೆದದ್ದು ಹೇಳಿದೆ. ರೆಪ್ಪೆ ಬಿಡಿಸಿ ನೋಡಿ ತಲೆ ಚಚ್ಚಿಕೊಂಡರು.

“ಹೂವೂ ಇಲ್ಲ, ಏನೂ ಇಲ್ಲ ಕಣಮ್ಮ. ಎಲ್ಲಾ ಮರೀಗೂ ಕಣ್ ಬಿಟ್ಟಾಗ ಹಿಂಗೇ ಮಬ್ಬು. ಬೆಳಕು ಯಾವ್ದು ಕತ್ತಲೆ ಯಾವ್ದು, ಅಷ್ಟೇ ಗೊತ್ತಾಗೋದು. ತಿಂಗಳೊತ್ತಿಗೆ ತಾನೇ ತಿಳಿಯಾಗುತ್ತೆ.”

“ನಾನ್ ಉಗ್ದಿದ್ದಕ್ಕೆ ಕಣ್ಣೇ ಓಗ್ಬುಟ್ಟಿದ್ರೆ ಸಾ?”

“ಗುಡ್ಡೆಗೆ ಏನೂ ಆಗಿಲ್ಲ. ಈ ಡ್ರಾಪ್ಸ್ ಹಾಕಿ. ಬಾಯಲ್ಲಿರೋದನ್ನ ಮಾತ್ರ ಹಾಕ್ಬೇಡಿ.”

ಹಾಕಿದೆ. ಊತ ಇಳಿಯಿತು, ಮಬ್ಬು ಹಾಗೇ ಇತ್ತು. ದಿನಾ ಸೆಗಣಿ ಬಾಚುವಾಗ ನೋಡುತ್ತಿದ್ದೆ. ಬರಬರುತ್ತಾ ಕರೆದರೆ ತಿರುಗತೊಡಗಿತು. ತಿರುಗಲು ಕಿವಿ ಸಾಕು, ಕಣ್ಣು ಯಾಕೆ ಬೇಕು? ನನಗೆ ನಂಬಿಕೆ ಬರಲಿಲ್ಲ. ತಿಂಗಳು ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ, ಸದ್ದು ಮಾಡದೆ ನಿಂತು ಹುಲ್ಲಿನ ಎಳೆಯೊಂದನ್ನು ದೂರದಿಂದ ಆಡಿಸಿದೆ. ಎಡಕ್ಕೆ ಆಡಿಸಿದರೆ ತಲೆ ಎಡಕ್ಕೆ ಬಂತು, ಬಲಕ್ಕೆ ಆಡಿಸಿದರೆ ಬಲಕ್ಕೆ. ಇನ್ನೊಂದು ಸಲ ಆಡಿಸುವಷ್ಟರಲ್ಲಿ ಓಡಿಬಂದು ಎಳೆಯನ್ನು ಕಚ್ಚಿಕೊಂಡಿತು. ಅಷ್ಟು ದಿನ ಅರ್ಧ ಮುದ್ದೆ ತಿಂದು ಏಳುತ್ತಿದ್ದೆ. ಆವತ್ತು ಎರಡು ತಿಂದೆ.

ಮರಿ ಹಾಲು ಬಿಟ್ಟ ಮೇಲೆ ತಂಗಿ ಬಂದಳು. ಯಜಮಾನರು ಅವಳಿಗೆ ಎಲ್ಲವನ್ನೂ ಹೇಳಿ ನಕ್ಕರು.

“ದಿಟವಾಗ್ಲೂ ಕಣ್ ಕಾಣ್ತದಾ ಅಕ್ಕ?”

“ನಿನಗಿಂತ ಚೆಂದಾಗ್ ಕಾಣ್ತದೆ. ಎತ್ಕೊಂಡ್ ನಡಿ, ಬಸ್ ಬತ್ತದೆ.”