ಲಾಭ, ಎರಡು, ಮೂರು

ಹುಣಸೆ ಬೀಜ ಹುರಿಯುವ ವಾಸನೆ ಒಂಥರಾ ಒರಟು. ಮೊನ್ನೆ ಹಿಂದೂಪುರದ ನಮ್ಮ ಅಡುಗೆಮನೆಯಲ್ಲಿ ಮೊಮ್ಮಗಳಿಗೆಂದು ಒಂದು ಹಿಡಿ ಹುರಿದೆ. ಸಿಪ್ಪೆ ಚಟಪಟ ಸಿಡಿಯುತ್ತಿದ್ದಂತೆ ಕಲ್ಯಾಣದುರ್ಗದ ಮನೆಯ ಪಡಸಾಲೆ ಕಣ್ಣಮುಂದೆ ಬಂತು. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಸೆಲ್‌ಫೋನ್ ಅಂಗಡಿ ಇದೆ, ವ್ಯಾಪಾರ ಚೆನ್ನಾಗಿದೆಯಂತೆ. ಅಲ್ಲಿ ನಮ್ಮಪ್ಪನ ತಾಯಿ ಇದ್ದಳು. ನಾವೆಲ್ಲ ಅವಳನ್ನು ಅವ್ವ ಎನ್ನುತ್ತಿದ್ದೆವು. ಕುಂದುರ್ಪಿ ಕಡೆಯ ರೈತರು ತರುವ ಹುರುಳಿ, ಅಲಸಂದೆಗಳನ್ನು ಸೇರಿನಲ್ಲಿ ಅಳೆದು ಕೊಳ್ಳುವುದು ಮನೆಯ ಕಸುಬು. ಅಳೆಯುವ ಕೈ ಅವ್ವನದು.

ಶಾಲೆಗೆ ಹಾಕುವ ತನಕ ನನ್ನನ್ನು ಅವಳ ಹತ್ತಿರವೇ ಬಿಟ್ಟಿದ್ದರು. ದುಡ್ಡು ಕೊಟ್ಟು ತಂದ ಆಟದ ಸಾಮಾನು ಒಂದೂ ಇರಲಿಲ್ಲ. ಖಾಲಿ ಬೆಂಕಿಪೊಟ್ಟಣವೇ ಸೇರು, ಹುಣಸೆ ಬೀಜವೇ ಧಾನ್ಯ, ಮೊರವೇ ಅಂಗಡಿ. ಎದುರಿಗಿನ ರಾಶಿ ಎಷ್ಟು ಪೊಟ್ಟಣ ಆಗುತ್ತದೆಂದು ನಾನು ಮೊದಲು ಊಹಿಸಿ ಹೇಳಬೇಕು, ಆಮೇಲೆ ಅಳೆಯಬೇಕು. ಸರಿಹೋದರೆ ಹುರಿದ ಬೀಜವೊಂದು ಬಾಯಿಗೆ. ನಾನು ಅಳೆದು ಸುರಿದಂತೆಲ್ಲ ಅವ್ವ ರಾಗವಾಗಿ "ಲಾಭ... ಎರಡು... ಮೂರು" ಎನ್ನುತ್ತಿದ್ದಳು. ಅಳೆಯುವವರು ಮೊದಲ ಸೇರನ್ನು ಒಂದು ಎನ್ನುವುದಿಲ್ಲ, ಒಳ್ಳೆಯದಾಗಲಿ ಎಂದು ಲಾಭ ಎನ್ನುತ್ತಾರೆ. ನಿಮ್ಮ ಮನೆಯ ಹಿರಿಯರೂ ಹಾಗೆ ಎಣಿಸಿದ್ದು ನಿಮಗೆ ನೆನಪಿರಬಹುದು. ನನಗೆ ಮಾತ್ರ ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಎಣಿಕೆ ಶುರುವಾಗುವುದೇ ಲಾಭದಿಂದ ಎಂದುಕೊಂಡಿದ್ದೆ.

ಹಿಂದೂಪುರಕ್ಕೆ ಬಂದು ಶಾಲೆ ಸೇರಿದ ದಿನ ಮೇಷ್ಟ್ರು ಬೆರಳೆಣಿಸಲು ಹೇಳಿದರು. ಗಟ್ಟಿಯಾಗಿ "ಲಾಭ, ಎರಡು, ಮೂರು" ಎಂದೆ. ಮೇಷ್ಟ್ರೂ ಸೇರಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ವರ್ಷವೆಲ್ಲ ನನ್ನ ಹೆಸರು ಲಾಭಮ್ಮ.

ದಸರಾ ರಜೆಗೆ ಕಲ್ಯಾಣದುರ್ಗಕ್ಕೆ ಹೋದಾಗ ಅವ್ವ ಎಂದಿನಂತೆ ಮೊರ ಎಳೆದುಕೊಂಡು ಕೂತಳು. ನಾನು ಮೊರವನ್ನೇ ಒದ್ದೆ.

"ನಿಂಗೆ ಲೆಕ್ಕನೇ ಬರಾಕಿಲ್ಲ ಕಣವ್ವಾ! ಒಂದು ಅನ್ನಾದೂ ಗೊತ್ತಿಲ್ಲ!"

ಅವ್ವ ಬೈಯಲಿಲ್ಲ. ಚೆಲ್ಲಿದ ಬೀಜಗಳನ್ನೆಲ್ಲ ಒಂದೊಂದಾಗಿ ಆಯ್ದು ಮೊರಕ್ಕೆ ಹಾಕಿದಳು. "ಹಂಗಾರೆ ನೀನೇ ಹೇಳ್ಕೊಡು ಕಣಮ್ಮ," ಎಂದಳು. ನಾನು ಮೇಷ್ಟ್ರ ಹಾಗೆ ಕೂತು ಹೇಳಿಕೊಟ್ಟೆ. ಅವಳು ಒಂದು, ಎರಡು ಎಂದು ನನ್ನ ಹಿಂದೆಯೇ ಹೇಳಿದಳು.

ಮರುದಿನ ಬೆಳಿಗ್ಗೆ ರೈತನೊಬ್ಬ ಹುರುಳಿ ತಂದ. ಅವ್ವ ಸೇರು ತುಂಬಿಸಿ, ಬಾಗಿಲಲ್ಲಿ ನಿಂತಿದ್ದ ನನ್ನನ್ನೊಮ್ಮೆ ನೋಡಿ, "ಒಂದು" ಎಂದಳು. ಅವನು ಗಾಬರಿಯಾಗಿ ತೆಲುಗಿನಲ್ಲಿ, "ಏಮವ್ವಾ, ಈಪೊದ್ದು ಲಾಭಂ ವದ್ದಾ?" ಎಂದ. ಇವತ್ತು ಲಾಭ ಬೇಡವೇ ಎಂದು ಅವನ ಪ್ರಶ್ನೆ.

"ಮೊಮ್ಮಗಳು ಇಸ್ಕೂಲಿಗೆ ಹೋಯ್ತಾಳೆ ಕಣಪ್ಪಾ. ಇನ್ಮ್ಯಾಕೆ ಅವ್ಳು ಹೇಳ್ದಂಗೇ."

ಆಗ ನಾನು ಉಬ್ಬಿಹೋಗಿದ್ದೆ. ಸಾಯುವವರೆಗೂ ಅವ್ವ ನನ್ನೆದುರು ಮತ್ತೆ ಲಾಭ ಎನ್ನಲಿಲ್ಲ. ನಾನಿಲ್ಲದಾಗ ಎನ್ನುತ್ತಿದ್ದಳೋ ಏನೋ, ವಿಚಾರಿಸಲಿಲ್ಲ. ದೊಡ್ಡವಳಾದ ಮೇಲೆ ಎಷ್ಟೋ ಸಲ ಅವಳ ಪಕ್ಕ ಕೂತಿದ್ದೇನೆ, ತಪ್ಪು ನನ್ನದು ಎಂಬ ಒಂದು ಮಾತು ಬಾಯಿಗೆ ಬರಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಮೊನ್ನೆ ಬೀಜ ಆರಿದ ಮೇಲೆ ಮೊಮ್ಮಗಳ ಮುಂದೆ ಮೊರ ಇಟ್ಟೆ. ಅವಳು ಬೆಂಕಿಪೊಟ್ಟಣ ತುಂಬಿಸಿ ಸುರಿದು ನನ್ನ ಮುಖ ನೋಡಿದಳು. "ಲಾಭ," ಎಂದೆ. ಅವಳೂ "ಲಾಭ" ಎಂದಳು. ಮುಂದಿನ ವರ್ಷ ಅವಳು ಶಾಲೆಗೆ ಹೋಗುತ್ತಾಳೆ. ಒಂದು ದಿನ ಸಿಟ್ಟಾಗಿ ಬಂದು ನನ್ನ ಮೊರ ಒದೆಯಬಹುದು. ಆಗ ಅವ್ವ ಆಡಿದ ಮಾತನ್ನೇ ಆಡಬೇಕು ಎಂದುಕೊಂಡಿದ್ದೇನೆ. ಅವಳಷ್ಟು ಮೆತ್ತಗೆ ಆಡಲು ನನಗೆ ಬರುತ್ತದೋ ಇಲ್ಲವೋ.