ಹಿಂದಿನ ಸಾಲಿನ ಮುಖ

ಚಿತ್ತಾಪುರದ ಕೋರ್ಟಿನ ಎದುರು ನನ್ನದೊಂದು ಸ್ಟುಡಿಯೊ. ದಿನವಿಡೀ ಪಾಸ್‌ಪೋರ್ಟ್ ಫೋಟೊ. "ಕತ್ತು ಎತ್ರಿ, ಕಣ್ಣು ತೆರಿರಿ" ಎಂದು ಹೇಳಿ ಹೇಳಿ ಬಾಯಿ ಸೋತಿದೆ. ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇರುವಾಗ ನನ್ನ ಹತ್ತಿರ ಬರುವವರು ಬೇರೆ ದಾರಿಯಿಲ್ಲದವರು.

ಹೋದ ವರ್ಷ ಹಾಗೆ ಬಂದವಳು ಶಹಾಬಾದಿನ ಒಬ್ಬ ಹೆಣ್ಣುಮಗಳು. ಕಲ್ಲು ಪಾಲಿಶ್ ಮಾಡುತ್ತಿದ್ದ ಗಂಡ ತೀರಿಕೊಂಡು ಮೂರು ತಿಂಗಳಾಗಿತ್ತು. ವಾಡಿಯಲ್ಲಿ ನಡೆದ ನೆಂಟರ ಮದುವೆಯಲ್ಲಿ ನಾನೇ ತೆಗೆದ ಫೋಟೊ ತಂದಿದ್ದಳು. ಆಯೇರಿಯ ಉಡುಗೊರೆ ಕೊಟ್ಟು ಮದುಮಕ್ಕಳ ಜೊತೆ ನಿಂತ ನೆಂಟರ ಗುಂಪು, ಹಿಂದಿನ ಸಾಲಿನಲ್ಲಿ ಅವಳ ಗಂಡ. ಅವನ ಮುಖವನ್ನಷ್ಟೇ ದೊಡ್ಡದು ಮಾಡಿಕೊಡಬೇಕಿತ್ತು.

"ಆಧಾರ್ ಫೋಟೊ ಇರ್ತದಲ್ಲ, ತಂಗಿ?" ಎಂದೆ.

"ಅದ್ರಾಗ ಕಳ್ಳನಂಗ ಕಾಣ್ತಾರ್ರಿ, ಅಣ್ಣಾರ. ನಕ್ಕಿದ್ದು ಇದೊಂದೇ ಅದ. ಮಗಳು ಭಾಳ ಸಣ್ಣಾಕಿ, ನಿಮ್ಮಪ್ಪ ಹಿಂಗಿದ್ದ ಅಂತ ತೋರಿಸಬೇಕು."

ನೋಡಿದೆ. ಮುಖ ಮಬ್ಬಾಗಿತ್ತು. ತಪ್ಪು ನನ್ನದೇ. ಲೆನ್ಸಿನೊಳಗಿನ ಕಿಂಡಿಯನ್ನು ಪೂರ್ತಿ ತೆರೆದರೆ ಬೆಳಕೇನೋ ಧಾರಾಳ ಬರುತ್ತದೆ, ಆದರೆ ಫೋಕಸ್ ಮಾಡಿದ ಅಂತರದಲ್ಲಿ ನಿಂತವರು ಮಾತ್ರ ಸ್ಪಷ್ಟ. ಹಿಂದಿನವರು ಕರಗಿಹೋಗುತ್ತಾರೆ. ಕಿಂಡಿ ಕಿರಿದು ಮಾಡಿದ್ದರೆ ಎರಡೂ ಸಾಲು ಸ್ಪಷ್ಟವಾಗಿ ಬರುತ್ತಿದ್ದವು, ಆದರೆ ಬೆಳಕಿಗೆ ಇನ್ನೊಂದು ಲೈಟು ಹಚ್ಚಬೇಕಿತ್ತು. ಮದುಮಗನಿಗೆ 'ಹಿಂದೆ ಬ್ಲರ್' ಬೇಕಿತ್ತು, ನನಗೆ ಊಟಕ್ಕೆ ಹೊತ್ತಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಕ್ಯಾಮೆರಾ ಹಿಡಿಯದೆ ಬಿಟ್ಟದ್ದನ್ನು ಕಂಪ್ಯೂಟರ್ ಎಲ್ಲಿಂದ ತರಬೇಕು? ಅದು ಗೊತ್ತಿದ್ದೂ ಹೊಸ ಸಾಫ್ಟ್‌ವೇರಿಗೆ ಹಾಕಿದೆ. ಹುಬ್ಬಿನ ಕೂದಲು ಎಣಿಸುವಷ್ಟು ಸ್ಪಷ್ಟವಾದ ಮುಖ ಬಂತು, ನಗುವಿನಲ್ಲಿ ಸಾಲಾಗಿ ಬಿಳಿ ಹಲ್ಲು. ನನಗೇ ಹೆಮ್ಮೆಯಾಯಿತು.

ಅವಳು ಬಹಳ ಹೊತ್ತು ನೋಡಿದಳು.

"ಇವ್ರು ಯಾರ್ರಿ? ನಮ್ಮವ್ರ ಮುಂದಿನ ಹಲ್ಲು ಅರ್ಧ ಮುರದಿತ್ತರಿ."

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಕಾಣದ ಮುಖಕ್ಕೆ ಯಾರದೋ ಮುಖ ಅಂಟಿಸಿ ಕೊಡಲು ಹೊರಟಿದ್ದೆ. ಕೊನೆಗೆ ಮಬ್ಬಾದದ್ದನ್ನೇ ದೊಡ್ಡದು ಮಾಡಿ ಪ್ರಿಂಟ್ ತೆಗೆದೆ. ಕಣ್ಣೆಲ್ಲಿ, ಬಾಯಿಯೆಲ್ಲಿ ಎಂದು ಹುಡುಕಬೇಕಿತ್ತು. ಅವಳು ಅದರ ಮೇಲೆ ಧೂಳು ಕೂತಿದೆಯೇನೋ ಎಂಬಂತೆ ಸೆರಗಿನಿಂದ ಒಂದು ಸಲ ಒರೆಸಿದಳು.

ಸುಮ್ಮನಿರಲಾಗದೆ ಕೇಳಿದೆ, "ಅವತ್ತು ಯಾಕ ನಗಾಕತ್ತಿದ್ರು?"

"ನೀವೇ ಅಂದ್ರಲ್ಲರಿ, 'ಏ ತಮ್ಮಾ, ಅಡ್ಡ ಬರಾಕತ್ತಿ, ಇನ್ನಾ ಹಿಂದ ಸರಿ' ಅಂತ. ನಕ್ಕೋತ ಹಿಂದ ಸರದ್ರು."